ಕಸಬರಿಗೆ ಕಡ್ಡಿಯ ಮೇಲಿನ ನೊಣ

ಜನವರಿಯಲ್ಲಿ ಎರಡು ದಿನ ರಜೆ ಹಾಕಿ ಮಹಾಲಿಂಗಪುರದ ಹತ್ತಿರ ಅಣ್ಣನ ಹೊಲಕ್ಕೆ ಹೋಗಿದ್ದೆ. ಗಾಣ ನಡೆದಿತ್ತು. ಗಾಣ ನೋಡಿದವರಿಗೆ ಗೊತ್ತು, ಅಲ್ಲಿ ಬೆಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ನೊಣ. ಕೊಪ್ಪರಿಗೆಯ ಸುತ್ತ ನೊಣ, ಬೆಲ್ಲದ ಪೆಂಟೆಯ ಮೇಲೆ ನೊಣ, ಚಹಾದ ಕಪ್ಪಿನ ಅಂಚಿಗೂ ನೊಣ.

ಊರಿಗೆ ಬಂದ ಹುರುಪಿನಲ್ಲಿ ನಾನೂ ಒಂದು ಕಬ್ಬಿನ ಹೊರೆ ಹೊತ್ತೆ. ಇಪ್ಪತ್ತು ಹೆಜ್ಜೆಗೆ ತೊಡೆಯಲ್ಲಿ ಬೆಂಕಿ. ಹೊರೆ ಇಳಿಸಿ, ಬಾಯಿ ತೆರೆದು ಉಸಿರು ಬಿಡುತ್ತ ಕೂತೆ. ಅಣ್ಣನ ಮಗ, ಎಂಟನೇ ಕ್ಲಾಸಿನವನು, ನನ್ನನ್ನೂ ನೊಣವನ್ನೂ ಒಂದೊಂದು ಸಲ ನೋಡಿ ಕೇಳಿದ: "ಕಾಕಾ, ಇವು ಮುಂಜಾನಿಂದ ಹಾರಾಕತ್ತಾವು. ಇವಕ್ಕ ದಣಿವ ಆಗಂಗಿಲ್ಲೇನು?"

ನಾನು ವಿಜ್ಞಾನ ಪಾಠ ಮಾಡಿ ಹೊಟ್ಟೆ ಹೊರೆಯುವವನು. ಹಾಂಗೂ ಹೂಂಗೂ ನಡುವೆ ಏನೋ ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಹುಡುಗ ಬಿಡುವ ಪೈಕಿ ಅಲ್ಲ. ಸರಿ, ನೊಣವನ್ನೇ ಕೇಳೋಣ ಅಂದೆ.

ನೊಣ ಹಿಡಿದು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಮರಗಟ್ಟಿ ಸುಮ್ನೆ ಬೀಳುತ್ತದೆ. ಆಗ ಅದರ ಬೆನ್ನಿಗೆ ಒಂದು ಚಿಟಿಕೆ ಮೇಣ ಮುಟ್ಟಿಸಿ ಕಸಬರಿಗೆ ಕಡ್ಡಿಗೆ ಅಂಟಿಸಬೇಕು. ಮೊದಲನೆಯದು ನನ್ನ ಅವಸರಕ್ಕೆ ಸತ್ತಿತು, ಮೇಣ ಬಹಳ ಬಿಸಿಯಿತ್ತು. ಎರಡನೆಯದರ ರೆಕ್ಕೆಗೇ ಮೇಣ ಮೆತ್ತಿಕೊಂಡಿತು. ಮೂರನೆಯದು ಸರಿಯಾಗಿ ಕೂತಿತು.

ಒಂದು ಮಜಾ ನೋಡಿ. ಕಡ್ಡಿಗೆ ಅಂಟಿದ ನೊಣದ ಕಾಲಿಗೆ ಚೂರು ಕಾಗದ ಕೊಟ್ಟರೆ ಅದನ್ನು ಅಪ್ಪಿಕೊಂಡು ಸುಮ್ಮನಿರುತ್ತದೆ. ಕಾಗದ ಎಳೆದುಬಿಡಿ, ಕಾಲಿಗೆ ನೆಲ ಸಿಗದ ತಕ್ಷಣ ರೆಕ್ಕೆ ಶುರು. ಮತ್ತೆ ಕಾಗದ ಕೊಡಿ, ಬಂದ್. ಹುಡುಗ ಇದನ್ನೇ ಸ್ವಿಚ್ ಒತ್ತಿದಂತೆ ಹತ್ತು ಸಲ ಮಾಡಿದ. ರೆಕ್ಕೆ ಕಾಣುವುದೇ ಇಲ್ಲ, ಎರಡು ಕಡೆ ಹೊಗೆಯಂಥ ಮಸುಕು ಅಷ್ಟೇ. ಸೆಕೆಂಡಿಗೆ ಸುಮಾರು 200 ಸಲ ಬಡಿಯುತ್ತದೆ. ಹಾರಾಟದ ದೊಡ್ಡ ಸ್ನಾಯುಗಳು ನೇರ ರೆಕ್ಕೆಗೆ ಕಟ್ಟಿಕೊಂಡಿಲ್ಲ. ಎದೆಯ ಗೂಡಿಗೆ ಅಂಟಿವೆ. ಒಂದು ಜೊತೆ ಗೂಡನ್ನು ಮೇಲೆ ಕೆಳಗೆ ಅಮುಕುತ್ತದೆ, ಇನ್ನೊಂದು ಹಿಂದೆ ಮುಂದೆ. ಗೂಡು ಅದುರಿದಂತೆ ರೆಕ್ಕೆ ಏಳುತ್ತದೆ, ಬೀಳುತ್ತದೆ.

ಫೋನಿನಲ್ಲಿ ಟೈಮ್ ಹಚ್ಚಿ ಕೂತೆವು. ನಿಲ್ಲಿಸಿದಾಗ ಮುಖಕ್ಕೆ ಉಫ್ ಅಂದರೆ ಮತ್ತೆ ಹೊರಡುತ್ತಿತ್ತು. ಬರಬರುತ್ತ ನಿಲ್ಲುವುದು ಜಾಸ್ತಿಯಾಯಿತು. 50 ನಿಮಿಷ ದಾಟಿದ ಮೇಲೆ ಎಷ್ಟು ಊದಿದರೂ ಒಂದು ಸಲ ಗುಂಯ್ ಅಂದು ತಣ್ಣಗಾಗುತ್ತಿತ್ತು.

"ದಣಿತು," ಅಂದ ಹುಡುಗ. ಅವನ ದನಿಯಲ್ಲಿ ಗೆದ್ದ ಖುಷಿಯೂ ಇತ್ತು, ಪಾಪ ಅನ್ನಿಸಿದ್ದೂ ಇತ್ತು.

ಆದರೆ ಅದರ ದಣಿವು ನನ್ನ ದಣಿವಿನಂಥದ್ದಲ್ಲ. ಹೊರೆ ಹೊತ್ತಾಗ ನನ್ನ ತೊಡೆಗೆ ಬೇಕಾದಷ್ಟು ಆಮ್ಲಜನಕ ಸಿಗಲಿಲ್ಲ. ಸ್ನಾಯು ಸಕ್ಕರೆಯನ್ನು ಅರ್ಧಕ್ಕೇ ಉರಿಸಿ ಕೆಲಸ ತೆಗೆಯಿತು. ನೊಣಕ್ಕೆ ಆ ಗೋಳಿಲ್ಲ. ಅದರ ಮೈಯಲ್ಲಿ ಗಾಳಿಯ ಕೊಳವೆಗಳು ಕವಲೊಡೆದು ಸ್ನಾಯುವಿನ ಒಳಗೇ ಹೋಗಿವೆ, ಉಸಿರನ್ನು ರಕ್ತದಲ್ಲಿ ಹೊತ್ತು ತರಬೇಕಿಲ್ಲ. ಎಷ್ಟು ಹಾರಿದರೂ ಸಕ್ಕರೆ ಪೂರ್ತಿ ಉರಿಯುತ್ತದೆ. ಅದು ನಿಲ್ಲುವುದು ಏದುಸಿರು ಬಂದು ಅಲ್ಲ, ಬುತ್ತಿ ಮುಗಿದು.

ಆ ಬುತ್ತಿಯೇ ಗ್ಲೈಕೋಜೆನ್. ನಮ್ಮ ಪುಸ್ತಕಗಳಲ್ಲಿ ಇದು ಮನುಷ್ಯನ ಯಕೃತ್ತಿನ ಪಾಠದಲ್ಲಿ ಒಂದು ಸಾಲು ಬಂದು ಹೋಗುತ್ತದೆ. ಮಕ್ಕಳು ಉರು ಹೊಡೆದು ಬರೆದು ಮರೆಯುತ್ತಾರೆ. ಗಾಣದಲ್ಲಿ ಕೂತಾಗ ಹೇಳುವುದು ಸಲೀಸಾಯಿತು. ಕಬ್ಬಿನ ಹಾಲನ್ನು ಹಾಗೇ ಇಡಲು ಎಷ್ಟು ಕೊಡ ಬೇಕು ಹೇಳು? ಅದಕ್ಕೇ ಕಾಯಿಸಿ ಪೆಂಟೆ ಮಾಡುತ್ತೇವೆ ಅಲ್ವಾ? ಜೀವಕೋಶವೂ ಗ್ಲೂಕೋಸನ್ನು ಬಿಡಿಬಿಡಿಯಾಗಿ ತುಂಬಿಕೊಂಡರೆ ಅದು ನೀರು ಎಳೆದುಕೊಂಡು ಕೋಶ ಉಬ್ಬುತ್ತದೆ. ಹಾಗಾಗಿ ಸಾವಿರಾರು ಗ್ಲೂಕೋಸನ್ನು ಒಂದಕ್ಕೊಂದು ಪೋಣಿಸಿ ಗಟ್ಟಿ ಕಾಳು ಮಾಡಿ ಇಡುತ್ತದೆ. ಹೋಲಿಕೆ ಇಲ್ಲಿಗೆ ಸಾಕು, ಯಾಕೆಂದರೆ ಪೆಂಟೆಯನ್ನು ಒಡೆಯಬೇಕು, ಗ್ಲೈಕೋಜೆನ್ ಕಾಳನ್ನು ಹಾಗೆ ಒಡೆಯಬೇಕಿಲ್ಲ, ಅದರ ಮೈತುಂಬ ಕವಲು. ಒಂದೊಂದು ಕವಲಿಗೂ ತುದಿ. ಹಾರು ಅಂದ ಕೂಡಲೇ ಕಿಣ್ವಗಳು ಎಷ್ಟೋ ತುದಿಗಳಿಂದ ಒಟ್ಟಿಗೇ ಗ್ಲೂಕೋಸ್ ಕಿತ್ತುಕೊಳ್ಳುತ್ತವೆ. ಕಾಳು ಇರುವುದೂ ಸ್ನಾಯುವಿನ ಎಳೆಗಳ ನಡುವೆ, ಸಕ್ಕರೆ ಉರಿಸುವ ಮೈಟೊಕಾಂಡ್ರಿಯಾಗಳ ಮಗ್ಗುಲಲ್ಲೇ. ಒಲೆಯ ಪಕ್ಕದಲ್ಲೇ ಸೌದೆ.

ಹೊಟ್ಟೆಯ ಕಡೆ ಇನ್ನೊಂದು ದಾಸ್ತಾನು ಇದೆ, ಕೊಬ್ಬಿನ ಅಂಗ ಅನ್ನುತ್ತಾರೆ. ನಮ್ಮ ಯಕೃತ್ತಿನ ಕೆಲಸ ಅದರದು. ಅಲ್ಲಿಂದ ಟ್ರೆಹಲೋಸ್ ಎಂಬ ಸಕ್ಕರೆ ರಕ್ತಕ್ಕೆ ಇಳಿದು ಸ್ನಾಯುವಿಗೆ ಬರುತ್ತದೆ. ಎರಡು ಗ್ಲೂಕೋಸ್ ಜೋಡಿಸಿದರೆ ಒಂದು ಟ್ರೆಹಲೋಸ್. ಹುಡುಗನಿಗೆ ಹೇಳಿದೆ: ಸ್ನಾಯುವಿನದು ಬುಟ್ಟಿಯಲ್ಲಿರುವ ಖಡಕ್ ರೊಟ್ಟಿ, ಕೊಬ್ಬಿನ ಅಂಗದ್ದು ನೆಲದೊಳಗಿನ ಹಗೇವಿನ ಜೋಳ. ಅದರಲ್ಲಿ ಕೊಬ್ಬೂ ಇದೆಯಲ್ಲ, ಅದನ್ನು ಯಾಕೆ ಉರಿಸುವುದಿಲ್ಲ ಅಂದ. ನೊಣಕ್ಕೆ ಹಾರಾಟಕ್ಕೆ ಆ ಕೊಬ್ಬು ದಕ್ಕುವುದಿಲ್ಲ, ಕೂತು ಉಪವಾಸ ಕಳೆಯಲಷ್ಟೇ. ಮಿಡತೆಯದು ಬೇರೆ ಲೆಕ್ಕ. 2020ರ ಮೇ ತಿಂಗಳಲ್ಲಿ ಮರುಭೂಮಿ ಮಿಡತೆಗಳು ಮಹಾರಾಷ್ಟ್ರದ ತನಕ ಬಂದಾಗ ನಮ್ಮ ಕಡೆಯವರೂ ಹೆದರಿದ್ದರು. ಅವು ಸಕ್ಕರೆಯಲ್ಲಿ ಮೇಲೇಳುತ್ತವೆ, ಆಮೇಲೆ ಕೊಬ್ಬಿಗೆ ಬದಲಿಸಿಕೊಳ್ಳುತ್ತವೆ. ದೂರದ ಪ್ರಯಾಣ ಅದರಿಂದಲೇ.

ಇಷ್ಟೆಲ್ಲ ಮಾತಾಡುವಾಗ ನಮ್ಮ ನೊಣ ಕಾಗದ ಅಪ್ಪಿಕೊಂಡು ಕೂತಿತ್ತು. ಬೆಲ್ಲ ಕರಗಿಸಿದ ನೀರನ್ನು ಕಡ್ಡಿಯ ತುದಿಯಲ್ಲಿ ತಂದೆ. "ತಡೀ ಕಾಕಾ," ಅಂದ ಹುಡುಗ, "ನೀರ ಕುಡದ ಸುಧಾರಿಸಿದ್ರ?" ನನಗೆ ಹೊಳೆಯದ ಮಾತು. ಮೊದಲು ಬರೀ ನೀರು ಕೊಟ್ಟೆವು. ಕುಡಿಯಿತು. ಕಾಗದ ಎಳೆದರೆ ಎರಡು ಸಲ ಗುಂಯ್, ಮತ್ತೆ ನಿಶ್ಶಬ್ದ.

ಆಮೇಲೆ ಬೆಲ್ಲದ ಹನಿ. ಮುಂಗಾಲಿನ ತುದಿ ಹನಿಗೆ ತಾಗಿದ್ದೇ ತಡ, ಸೊಂಡಿಲು ಸರ್ರನೆ ಕೆಳಗಿಳಿಯಿತು. ನೊಣಕ್ಕೆ ಕಾಲಲ್ಲೂ ರುಚಿ ಗೊತ್ತಾಗುತ್ತದೆ. ಸೊಂಡಿಲ ತುದಿ ಮೆತ್ತನೆಯ ಕುಂಚದಂತೆ ಅಗಲವಾಗಿ ಹನಿಯ ಮೇಲೆ ಒತ್ತಿಕೊಂಡಿತು. ಹನಿ ಕಣ್ಣೆದುರೇ ಸಣ್ಣದಾಯಿತು. ಒಂದೆರಡು ನಿಮಿಷ ಕಾದು ಕಾಗದ ಎಳೆದೆ. ಅದೇ ಹಳೆಯ ಮಸುಕು, ಅದೇ ಸದ್ದು. ಹುಡುಗ ಕೂಗಿದ ಕೂಗಿಗೆ ಕೊಪ್ಪರಿಗೆ ತಿರುವುತ್ತಿದ್ದವರೂ ತಿರುಗಿ ನೋಡಿದರು.

ಒಂದೇ ನೊಣ, ಒಂದೇ ಸಲ. ಇದನ್ನು ಪುರಾವೆ ಅನ್ನಲಾರೆ. ಆದರೆ 1949ರಲ್ಲಿ ಇಂಗ್ಲೆಂಡಿನ ಕೀಟವಿಜ್ಞಾನಿ ವಿಗಲ್ಸ್‌ವರ್ತ್ ಹಣ್ಣಿನ ನೊಣಗಳನ್ನು ಹೀಗೇ ಸುಸ್ತಾಗುವ ತನಕ ಹಾರಿಸಿ ನೋಡಿದ್ದರು. ಗ್ಲೈಕೋಜೆನ್ ಬಹುಪಾಲು ಖಾಲಿಯಾಗಿತ್ತು. ಗ್ಲೂಕೋಸ್ ಕೊಟ್ಟರೆ ಒಂದು ನಿಮಿಷದೊಳಗೇ ಮತ್ತೆ ಹಾರಿದವು. ಅಷ್ಟು ಬೇಗ ಉಗ್ರಾಣ ತುಂಬುವುದಿಲ್ಲ. ಕುಡಿದ ಸಕ್ಕರೆ ನೇರ ಕೆಲಸಕ್ಕೆ ಹೋಗುತ್ತದೆ, ಉಳಿದದ್ದು ಆಮೇಲೆ ಗ್ಲೈಕೋಜೆನ್ ಆಗುತ್ತದೆ.

ಅಣ್ಣ ಬಂದು ನೋಡಿ ಹಣೆ ಚಚ್ಚಿಕೊಂಡ. "ನಾವ ಇವನ್ನ ಓಡಿಸಾಕ ಸಾಯಾಕತ್ತೀವಿ, ನೀವ ಕುಂತು ಬೆಲ್ಲಾ ತಿನಿಸಾಕತ್ತೀರಿ!"

ಬಿಡಿಸುವಾಗ ಮೇಣ ಪೂರ್ತಿ ಬರಲಿಲ್ಲ. ಬೆನ್ನಿನ ಮೇಲೆ ಬಿಳಿ ಚುಕ್ಕೆ ಇಟ್ಟುಕೊಂಡೇ ಅದು ಹೊರಟುಹೋಯಿತು. ಸಂಜೆ ಅಣ್ಣ ಹೊಸ ಪೆಂಟೆಗಳ ಮೇಲೆ ಬಟ್ಟೆ ಹೊದಿಸುತ್ತಿದ್ದಾಗ ಹುಡುಗ ನನ್ನ ಅಂಗಿ ಜಗ್ಗಿದ. ಬಟ್ಟೆಯ ಅಂಚಿನಲ್ಲಿ ಬಿಳಿ ಚುಕ್ಕೆಯ ನೊಣ, ಸೊಂಡಿಲು ಊರಿ ಕೂತಿತ್ತು.

"ಅಪ್ಪಗ ಹೇಳಬ್ಯಾಡ," ಅಂದ.