ಬಲ್ಬ್ ಬದಲಿಸುವ ಮೊದಲು

ಹಳೆ ಟ್ರೇಲರ್ ಲಾರಿಯಲ್ಲಿ ಇಂಡಿಕೇಟರ್ ಹಾಕಿದರೆ ಹಿಂದಿನ ಲೈಟೆಲ್ಲ ಮಂಕಾಗಿ ಮಿನುಗುತ್ತಿದೆಯಾ? ಬಲ್ಬಿಗೆ ಬೈಯಬೇಡಿ, ಅರ್ತ್ ನೋಡಿ. ಅರ್ತ್ ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಆ ದಾರಿ ತುಕ್ಕು ಹಿಡಿದರೆ ಕರೆಂಟ್ ಬೇರೆ ಬಲ್ಬಿನೊಳಗೆ ನುಗ್ಗಿ ಹೋಗುತ್ತದೆ.

ಇವತ್ತು ಪೂರ್ತಿ ಇದೇ ಕೆಲಸ. ಬ್ಯಾಟರಿ, ಫ್ಯೂಸ್ ಎರಡೂ ಸರಿ. ವೈರಿಗೆ ಮೀಟರ್ ಇಟ್ಟರೆ ಕಂಟಿನ್ಯುಟಿಯೂ, ಅಂದರೆ ವೈರ್ ತುಂಡಾಗಿಲ್ಲ ಅನ್ನುವ ಸೂಚನೆಯೂ, ಬರುತ್ತಿತ್ತು. ಇಲ್ಲೇ ಮೋಸ. ವೈರಿನೊಳಗೆ ಒಂದೇ ಎಳೆ ಉಳಿದಿದ್ದರೂ ಮೀಟರ್ ಕುಯ್ ಅನ್ನುತ್ತದೆ. ಲೈಟ್ ಉರಿಯುತ್ತಿರುವಾಗಲೇ ಬ್ಯಾಟರಿ ಮೈನಸ್‌ಗೂ ಬಲ್ಬಿನ ಅರ್ತ್‌ಗೂ ಮಧ್ಯೆ ವೋಲ್ಟೇಜ್ ಅಳೆಯಬೇಕು. ಸೊನ್ನೆಯ ಹತ್ತಿರ ಇದ್ದರೆ ಸರಿ. ಅರ್ಧ ವೋಲ್ಟ್ ದಾಟಿದರೆ ಅನುಮಾನ ಪಡಿ. ಈ ಲಾರಿಯಲ್ಲಿ 3 ವೋಲ್ಟ್ ದಾಟಿತ್ತು!

ಕಳ್ಳ ಸಿಕ್ಕಿದ್ದು ಲಾರಿಯ ವೈರಿಂಗನ್ನು ಟ್ರೇಲರ್‌ಗೆ ಜೋಡಿಸುವ 7 ಪಿನ್ನಿನ ಪ್ಲಗ್‌ನಲ್ಲಿ. ಅರ್ತ್ ಪಿನ್ ತುಂಬಾ ಹಸಿರು ಪುಡಿ. ಅದರ ಹಿಂದೆಯೇ ಟೇಪ್ ಸುತ್ತಿದ ಜಾಯಿಂಟ್, ಅದರ ಮೇಲೆ ಇನ್ನೊಂದು ಟೇಪ್. ಹಳೆ ಗಾಡಿಯ ವೈರಿಂಗ್ ಬಿಚ್ಚಿದರೆ ಹಿಂದಿನವರ ಆತುರವೆಲ್ಲ ಕಾಣುತ್ತದೆ. ಕೋಪವೇನೂ ಬರುವುದಿಲ್ಲ. ಲೋಡ್ ಹೊತ್ತು ರಾತ್ರಿ ರಸ್ತೆ ಬದಿ ನಿಂತವರು ಟೇಪ್ ಸುತ್ತದೆ ಇನ್ನೇನು ಮಾಡಬೇಕು, ಅಲ್ವಾ?

ಪ್ಲಗ್ ಬದಲಾಯಿತು. ಕ್ಯಾಬಿನ್ನಿನಿಂದ ಚಾಸಿಗೆ (ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟಿಗೆ) ಬರುವ ಅರ್ತ್ ಪಟ್ಟಿ ಇನ್ನೂ ಬಾಕಿ. ಅದರ ಬೋಲ್ಟ್ ಸುಮ್ನೆ ಬಿಚ್ಚಿಕೊಳ್ಳುವ ಹಾಗೆ ಕಾಣುತ್ತಿಲ್ಲ.