ಕರೆಂಟು, ನೀರು ಎಲ್ಲ ಸೇರಿ ಬಾಡಿಗೆ ಅಂದರೆ ಒಪ್ಪಬಹುದಾ?

ಬೆಂಗಳೂರಿಗೆ ಕೆಲಸಕ್ಕೆ ಬರುವ ಊರ ಕಡೆಯ ಹುಡುಗರು, ನೆಂಟರ ಮಕ್ಕಳು ಫೋನ್ ಮಾಡಿದಾಗೆಲ್ಲ ಕೇಳುವುದು ಇದನ್ನೇ. "ಅಣ್ಣಾ, ಒಂದು ಮನೆ 20,000, ಕರೆಂಟು, ನೀರು, ಮೇಂಟೆನೆನ್ಸ್ ಎಲ್ಲ ಅದರಲ್ಲೇ. ಇನ್ನೊಂದು 17,000, ಬಿಲ್ಲೆಲ್ಲ ನಾವೇ ಕಟ್ಟಬೇಕು. ಯಾವುದು ಹಿಡೀಲಿ?"

ಸಂಸಾರ ಇದ್ದರೆ, ನಾಲ್ಕು ಕಾಲ ಅಲ್ಲೇ ಇರುವುದಾದರೆ, ಮನೆಗೇ ಬೇರೆ ಬೆಸ್ಕಾಂ ಮೀಟರ್ ಇರುವುದನ್ನು ಹಿಡಿಯಿರಿ.

ಮೊದಲ ಕಾರಣ ಗೃಹಜ್ಯೋತಿ. 2023ರ ಆಗಸ್ಟ್‌ನಿಂದ ಸೊನ್ನೆ ಬಿಲ್ ಬರುತ್ತಿದೆ, ಬಾಡಿಗೆಗೆ ಇರುವವರಿಗೂ ಸಿಗುತ್ತದೆ. ಆ ಮೀಟರ್‌ನಲ್ಲಿ 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಓಡಿತ್ತೋ ಅದರ ಮೇಲೆ ಶೇ 10 ಸೇರಿಸಿ ಅಷ್ಟು ಫ್ರೀ ಅನ್ನುವುದು ಯೋಜನೆಯ ಮೂಲ ಲೆಕ್ಕ, 200 ಯೂನಿಟ್ ದಾಟಿದರೆ ಮಾತ್ರ ಪೂರ್ತಿ ಬಿಲ್ ಕಟ್ಟಬೇಕು. ಆದರೆ ಇದಕ್ಕೆ ಆ ಮನೆಯದೇ ಆರ್‌ಆರ್ ನಂಬರ್ (ಬಿಲ್ಲಿನ ಮೇಲಿರುವ ಕನೆಕ್ಷನ್ ನಂಬರ್) ಬೇಕು. ಮೂರು ನಾಲ್ಕು ಮನೆ ಒಂದೇ ಮೀಟರ್‌ಗೆ ಸೇರಿದ್ದರೆ 200 ದಾಟುವುದು ಎಷ್ಟು ಹೊತ್ತು, ಅಲ್ವಾ? ಬೇರೆ ಮೀಟರ್ ಇದ್ದೂ 'ಎಲ್ಲ ಸೇರಿ' ಅಂತ ಒಪ್ಪಿಕೊಂಡರೆ, ಬಿಲ್ ಸೊನ್ನೆ ಬಂದರೂ ನೀವು ಕರೆಂಟಿನ ದುಡ್ಡು ಕೊಡುತ್ತಲೇ ಇರುತ್ತೀರಿ.

ಇನ್ನೊಂದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಮನೆಯಲ್ಲಿ ಆ ಹೆಚ್ಚುವರಿ 3,000 ರೂಪಾಯಿಯಿಂದ ಅಡ್ವಾನ್ಸೇ 30,000 ಜಾಸ್ತಿ ಆಗುತ್ತದೆ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದಾಗ ಶೇ 5, ಶೇ 10 ಅಂತ ಏರಿಸುವುದೂ ಪೂರ್ತಿ ಮೊತ್ತದ ಮೇಲೇ, ಅಂದರೆ ಕರೆಂಟಿನ ದರ ಏರದಿದ್ದರೂ ನಿಮ್ಮ ಕರೆಂಟಿನ ಪಾಲು ಏರುತ್ತದೆ.

ನೀರಿನ ವಿಷಯವೇ ನನಗೆ ಜಾಸ್ತಿ ಚಿಂತೆ. 'ನೀರು ಸೇರಿ' ಅಂದಾಗ ಯಾವ ನೀರು ಅಂತ ಕೇಳಿ. ಕಾವೇರಿ ಕನೆಕ್ಷನ್ ಇದೆಯಾ, ಬರೀ ಬೋರ್‌ವೆಲ್ಲಾ, ಬೋರ್ ಬತ್ತಿದರೆ ಟ್ಯಾಂಕರ್ ದುಡ್ಡು ಯಾರದ್ದು? 2024ರ ಬೇಸಿಗೆಯಲ್ಲಿ ಟ್ಯಾಂಕರ್ ದರ ಸಿಕ್ಕಾಪಟ್ಟೆ ಏರಿ, ಕೊನೆಗೆ ಜಿಲ್ಲಾಡಳಿತವೇ 5 ಕಿ.ಮೀ. ಒಳಗೆ 12,000 ಲೀಟರ್‌ಗೆ 1,000 ರೂಪಾಯಿ ಅಂತ ದರ ಕಟ್ಟಬೇಕಾಯಿತು. ಆ ಬೇಸಿಗೆ ನನಗೆ ಗೊತ್ತಿರುವ ಒಂದು ಮನೆಯಲ್ಲಿ ಓನರ್ 'ಎಲ್ಲ ಸೇರಿ' ಬಾಡಿಗೆ ತೆಗೆದುಕೊಂಡೂ ಟ್ಯಾಂಕರ್‌ಗೆ ಬೇರೆ ಕೇಳಿದರು, ಚಿಕ್ಕ ಮಗು ಇರುವ ಮನೆ, ಕೊಡದೆ ಏನು ಮಾಡುತ್ತಾರೆ? ಅಗ್ರಿಮೆಂಟಿನಲ್ಲಿ ಟ್ಯಾಂಕರ್ ಅನ್ನುವ ಪದವೇ ಇರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು, ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿಯೇ ಮಾಡಿದ್ದು. ಆದರೂ ನೀವು ನೋಡುವ ಕಟ್ಟಡ ಕನೆಕ್ಷನ್ ತಗೊಂಡಿದೆಯಾ ಅಂತ ಕೇಳಲೇಬೇಕು.

ದೊಡ್ಡ ಅಪಾರ್ಟ್‌ಮೆಂಟಿನಲ್ಲಾದರೆ ಜನರೇಟರ್ ಕರೆಂಟಿಗೆ ಯೂನಿಟ್‌ಗೆ ಎಷ್ಟು ಅಂತಲೂ ಕೇಳಿ. ಅದು ಬೆಸ್ಕಾಂ ಯೂನಿಟ್‌ಗಿಂತ ತುಂಬಾ ದುಬಾರಿ.

ಹಾಗಂತ ಎಲ್ಲ ಸೇರಿದ ಬಾಡಿಗೆ ಕೆಟ್ಟದ್ದು ಅಂತಲ್ಲ. ಒಬ್ಬರೇ ಇರುವವರು, ಟ್ರೇನಿಂಗ್‌ಗೆ ಅಂತ ಆರು ತಿಂಗಳಿಗೆ ಬರುವವರು, ಮಹಡಿ ಮೇಲಿನ ಸಿಂಗಲ್ ರೂಮ್ ಸಾಕು ಅನ್ನುವವರು ಧಾರಾಳವಾಗಿ ತಗೊಳ್ಳಿ, ತಿಂಗಳಿಗೆ ಎಷ್ಟು ಅಂತ ಮೊದಲೇ ಗೊತ್ತಿರುವುದು ಹೊಸಬರಿಗೆ ದೊಡ್ಡ ನೆಮ್ಮದಿ. ಆದರೆ ಮನೆಯಿಂದಲೇ ಕೆಲಸ ಮಾಡುವವರಾದರೆ ಓನರ್‌ಗೆ ಮೊದಲೇ ಹೇಳಿಬಿಡಿ. ಇಡೀ ದಿನ ಫ್ಯಾನು, ಕಂಪ್ಯೂಟರ್ ಓಡುತ್ತವೆ, 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಕೆಳಗಿನ ಮನೆಯಲ್ಲೇ ಇರುವ ಓನರ್ ದಿನಾ ಮೀಟರ್ ನೋಡುತ್ತಾ 'ಲೈಟ್ ಆರಿಸಿ' ಅನ್ನುವ ಮನೆಯಲ್ಲಿ ಬದುಕುವುದು ಕಷ್ಟ.

ಅಡ್ವಾನ್ಸ್ ಕೊಡುವ ಮೊದಲು ಹಿಂದಿನ ಮೂರು ತಿಂಗಳ ಕರೆಂಟ್ ಬಿಲ್ ತೋರಿಸಿ ಅಂತ ಕೇಳಿ. ಎಷ್ಟು ಯೂನಿಟ್‌ವರೆಗೆ ಬಾಡಿಗೆಯಲ್ಲಿ ಸೇರಿದೆ, ದಾಟಿದರೆ ಯೂನಿಟ್‌ಗೆ ಎಷ್ಟು, ಟ್ಯಾಂಕರ್ ಯಾರದ್ದು, ಇಷ್ಟನ್ನೂ ಅಗ್ರಿಮೆಂಟಿನಲ್ಲಿ ಬರೆಸಿಕೊಳ್ಳಿ. ಹಾಲು ಉಕ್ಕಿಸುವ ದಿನವೇ ಮೀಟರಿನ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿಬಿಡಿ.