ಎಡ ಮುಂಚಕ್ರದ ಕೀರಲು: ಕ್ಲಿಪ್ಪಿನ ಅಡಿಯಲ್ಲಿ ಅಡಗಿದ್ದ ತುಕ್ಕು

ಪಿಕಪ್ಪಿನ ಎಡ ಮುಂಚಕ್ರದ ಕೀರಲು ಕೊನೆಗೂ ನಿಂತಿದೆ. ಬ್ರೇಕಿಗೆ ಹೊಸ ಪ್ಯಾಡ್ ಹಾಕಿದ್ದಾಯಿತು, ಪ್ಯಾಡ್ ಒತ್ತಿ ಹಿಡಿಯುವ ಡಿಸ್ಕ್ ಲೇತಿಗೆ ಕೊಟ್ಟಿದ್ದಾಯಿತು, ಪ್ಯಾಡಿನ ಅಂಚನ್ನು ಅರದಿಂದ ಓರೆ ಮಾಡಿದ್ದೂ ಆಯಿತು. ಪ್ರತಿ ಸಲ ಇನ್ನೂರು ಕಿಲೋಮೀಟರ್ ಸುಮ್ಮನಿದ್ದು ಮತ್ತೆ ಶುರು. ತಪ್ಪು ಇದ್ದದ್ದು ಪ್ಯಾಡಿನಲ್ಲಲ್ಲ, ಪ್ಯಾಡ್ ಕೂರುವ ಬ್ರಾಕೆಟ್ಟಿನಲ್ಲಿ.

ಸದ್ದಿನ ಸ್ವಭಾವ ಮೊದಲು. ಗಂಟೆಗೆ 20 ಕಿ.ಮೀ. ಸುಮಾರಿಗೆ ಪೆಡಲ್ ಮೇಲೆ ಕಾಲಿಟ್ಟೂ ಇಡದ ಹಾಗೆ ಒತ್ತಿದರೆ ಕೀಂಯ್ ಎನ್ನುತ್ತದೆ, ಗಟ್ಟಿಯಾಗಿ ಒತ್ತಿದರೆ ನಿಲ್ಲುತ್ತದೆ, ರಿವರ್ಸ್‌ನಲ್ಲಿ ಇಲ್ಲವೇ ಇಲ್ಲ. ಇದು ಪ್ಯಾಡ್ ಸವೆದಾಗ ಎಚ್ಚರಿಸುವ ತಗಡಿನ ನಾಲಗೆಯ ಸದ್ದಲ್ಲ. ಆ ನಾಲಗೆ ಪ್ಯಾಡ್ 2-3 ಮಿ.ಮೀ.ಗೆ ಇಳಿದ ಮೇಲಷ್ಟೇ ಡಿಸ್ಕ್ ಮುಟ್ಟುತ್ತದೆ, ಸಾಮಾನ್ಯವಾಗಿ ಬ್ರೇಕ್ ಹಿಡಿಯದೆ ಓಡುವಾಗಲೂ ಕೇಳಿಸುತ್ತದೆ. ಇಲ್ಲಿ ಪ್ಯಾಡ್ 9 ಮಿ.ಮೀ. ಇತ್ತು. ಮಳೆಯಲ್ಲಿ ನಿಂತ ಗಾಡಿ ಬೆಳಿಗ್ಗೆ ಮೊದಲ ನಾಲ್ಕೈದು ಬ್ರೇಕಿಗೆ ಗರಗರ ಎನ್ನುವುದೂ ಬೇರೆ. ಅದು ಡಿಸ್ಕಿನ ಮೇಲ್ಪದರದ ತುಕ್ಕು, ತಾನಾಗಿಯೇ ಹೋಗುತ್ತದೆ.

ಕೀರಲು ಎಂದರೆ ನಡುಕ. ಪ್ಯಾಡ್ ಡಿಸ್ಕನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತದೆ, ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ. ಡಿಸ್ಕ್ ಜಾಗಟೆಯ ಹಾಗೆ ಮೊಳಗುತ್ತದೆ. ಪ್ಯಾಡಿನ ಬೆನ್ನಿನ ತೆಳು ತಗಡು (ಶಿಮ್), ಬೆನ್ನಿಗೆ ಹಚ್ಚುವ ಗ್ರೀಸ್, ಪ್ಯಾಡನ್ನು ಒತ್ತುವ ಕ್ಯಾಲಿಪರ್ ಜಾರುವ ಪಿನ್ನಿನ ರಬ್ಬರ್, ಇವೆಲ್ಲ ಆ ನಡುಕವನ್ನು ನುಂಗಲು ಇರುವಂಥವು. ಪ್ಯಾಡ್ ಸರಾಗವಾಗಿ ಹಿಂದೆ ಮುಂದೆ ಜಾರದಿದ್ದರೆ ಇವು ಯಾವುವೂ ಕೆಲಸಕ್ಕೆ ಬರುವುದಿಲ್ಲ.

ಸುಳಿವು ಸಿಕ್ಕಿದ್ದು ಮೂರನೇ ಸಲ ಬಿಚ್ಚಿದಾಗ. ಒಳಬದಿಯ ಪ್ಯಾಡ್ ಒಂದು ತುದಿಯಲ್ಲಿ 9 ಮಿ.ಮೀ., ಇನ್ನೊಂದು ತುದಿಯಲ್ಲಿ 7.5. ಹೊರಗೆ ತೆಗೆಯಲು ಸುತ್ತಿಗೆ ಬೇಕಾಯಿತು. ಬೆರಳಲ್ಲಿ ತಳ್ಳಿದರೆ ಜಾರಬೇಕಾದ ಪ್ಯಾಡ್ ಸುತ್ತಿಗೆ ಕೇಳಿತೆಂದರೆ ಅಲ್ಲೇ ಉತ್ತರ ಇದೆ. ಬಲಚಕ್ರದಲ್ಲಿ ಪ್ಯಾಡಿನ ಕಿವಿಗೂ (ಬ್ರಾಕೆಟ್ಟಿನಲ್ಲಿ ಕೂರುವ ತುದಿ) ಅದು ಜಾರುವ ತಗಡಿನ ಕ್ಲಿಪ್ಪಿಗೂ ನಡುವೆ 0.20 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಸಲೀಸಾಗಿ ಹೋಗುತ್ತದೆ. ಎಡಚಕ್ರದಲ್ಲಿ 0.05 ಕೂಡ ಒಳಗೆ ಹೋಗಲಿಲ್ಲ.

ಕ್ಲಿಪ್ ಸ್ಟೇನ್‌ಲೆಸ್, ಅದಕ್ಕೆ ತುಕ್ಕಿಲ್ಲ, ಮೇಲಿನಿಂದ ನೋಡಿದರೆ ಥಳಥಳ. ಅದರ ಅಡಿಯ ಬ್ರಾಕೆಟ್ ಎರಕದ ಕಬ್ಬಿಣ. ಕ್ಲಿಪ್ಪಿನ ಹಿಂದೆ ನೀರು ನಿಂತು ಕಬ್ಬಿಣ ತುಕ್ಕಾಗುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕ್ಲಿಪ್ಪನ್ನು ಎತ್ತಿ ಪ್ಯಾಡಿನ ಕಿವಿಯನ್ನು ಹಿಚುಕುತ್ತದೆ. ಮಲೆನಾಡಿನಲ್ಲಿ ನಾಲ್ಕು ತಿಂಗಳು ನೆನೆಯುವ ಗಾಡಿಗಳಲ್ಲಿ ಕ್ಲಿಪ್ ಕಿತ್ತು ನೋಡದೆ ಹೊಸ ಪ್ಯಾಡ್ ಹಾಕುವುದು ದಂಡ.

ತುಕ್ಕು ಕಿತ್ತದ್ದು ವೈರ್ ಬ್ರಷ್ ಮತ್ತು ಚಪ್ಪಟೆ ಅರದಿಂದ. ಗ್ರೈಂಡರ್ ಬೇಡ. ಕಬ್ಬಿಣವೇ ಹೋದರೆ ಪ್ಯಾಡ್ ಸಡಿಲಾಗಿ ಟಕ್ ಟಕ್ ಎನ್ನುತ್ತದೆ, ಆಮೇಲೆ ಬ್ರಾಕೆಟ್ಟೇ ಬದಲಿಸಬೇಕು. ಕಂದು ಪುಡಿ ಬೀಳುವುದು ನಿಂತು ಬೂದು ಲೋಹ ಕಂಡ ತಕ್ಷಣ ಅರ ಕೆಳಗಿಡಿ. ನಂತರ ಬ್ರೇಕ್ ಕ್ಲೀನರ್, ಸೆರಾಮಿಕ್ ಗ್ರೀಸಿನ ತೆಳು ಲೇಪ, ಹೊಸ ಕ್ಲಿಪ್. ಹೊಸ ಪ್ಯಾಡಿನ ಕಿವಿಯ ಮೇಲೆ ಪೇಂಟ್ ದಪ್ಪಗೆ ಕುಳಿತಿತ್ತು, ಅದನ್ನೂ ಕೆರೆದಾಯಿತು. ಈಗ 0.20 ಹೋಗುತ್ತದೆ. ಒಂದು ಮಾತು ಕಡ್ಡಾಯ: ಬ್ರೇಕಿನ ಪುಡಿಗೆ ಕಂಪ್ರೆಸರ್ ಗಾಳಿ ಹೊಡೆಯಬೇಡಿ. ಹಳೆಯ ಲೈನರ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಒದ್ದೆ ಮಾಡಿ ಒರೆಸಿ.

ಇನ್ನೊಂದು ತಪ್ಪು ಪಿನ್ನುಗಳಲ್ಲಿತ್ತು. ಈ ಕ್ಯಾಲಿಪರ್‌ನ ಎರಡು ಪಿನ್ ಒಂದೇ ಥರ ಕಂಡರೂ ಒಂದರ ತುದಿಗೆ ರಬ್ಬರ್ ತೋಳು ಇದೆ. ಅದು ಬಲಚಕ್ರದಲ್ಲಿ ಕೆಳಗಿತ್ತು, ಎಡಚಕ್ರದಲ್ಲಿ ಮೇಲೆ. ಹಿಂದಿನ ಯಾವುದೋ ಸರ್ವಿಸ್‌ನಲ್ಲಿ ಅದಲು ಬದಲಾಗಿದೆ. ಸಾಲದ್ದಕ್ಕೆ ಯಾರೋ ಚಕ್ರದ ಬೇರಿಂಗಿನ ಗ್ರೀಸನ್ನೇ ಪಿನ್ನಿಗೂ ತುಂಬಿದ್ದರು. ಖನಿಜ ಎಣ್ಣೆಯ ಗ್ರೀಸ್ ತಾಗಿದರೆ ಬ್ರೇಕಿನ ರಬ್ಬರ್ ಉಬ್ಬುತ್ತದೆ. ತೋಳು ಬಾಟಲಿಯ ಬಿರಡೆಯಂತೆ ಬಿಗಿದು ಕೂತಿತ್ತು. ಸಿಲಿಕೋನ್ ಗ್ರೀಸ್ ಮಾತ್ರ ಹಾಕಿ, ಅದೂ ಪಿನ್ನಿಗೆ ಒಂದು ಕಡಲೆಕಾಳಿನಷ್ಟು. ಹೆಚ್ಚಾದರೆ ಗುಂಡಿಯ ತಳದಲ್ಲಿ ಗ್ರೀಸೂ ಗಾಳಿಯೂ ಸಿಕ್ಕಿಕೊಂಡು ಪಿನ್ನನ್ನು ವಾಪಸ್ ತಳ್ಳುತ್ತವೆ. ಪಿನ್ ಪೂರ್ತಿ ಒಳಗಿಟ್ಟು, ಬೂಟಿನ (ಪಿನ್ನಿನ ರಬ್ಬರ್ ಮುಸುಕು) ಅಂಚು ಎತ್ತಿ ಒಳಗಿನ ಗಾಳಿ ಹೊರಬಿಡಿ.

ಇದೇ ಸಿಲಿಕೋನ್ ಗ್ರೀಸಿಗೆ ಮೂರು ಅಂಗಡಿ ಸುತ್ತಬೇಕಾಯಿತು. ಎರಡು ಕಡೆ ಹೆಸರೇ ಇಲ್ಲದ ಡಬ್ಬಿಯಿಂದ ಬಗೆದು ಪ್ಲಾಸ್ಟಿಕ್ ಕವರಿಗೆ ಹಾಕಿ "ಬ್ರೇಕ್ ಗ್ರೀಸ್ ಇದೇ ಸಾರ್, ಎಲ್ಲರೂ ಒಯ್ಯೋದು ಇದನ್ನೇ" ಎಂದರು. ಲೇಬಲ್ ಇಲ್ಲದ್ದು ಬೇಡವೇ ಬೇಡ. ಪ್ಯಾಡಿನ ಪೆಟ್ಟಿಗೆಯಲ್ಲಿ ಕ್ಲಿಪ್ಪೂ ಇರಲಿಲ್ಲ, ಶಿಮ್ಮೂ ಇರಲಿಲ್ಲ. ಕೊಳ್ಳುವಾಗಲೇ ಪೆಟ್ಟಿಗೆ ಬಿಚ್ಚಿಸಿ ನೋಡಿ, ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ.

ಡಿಸ್ಕಿನ ವಿಷಯ ಬೇಗ ಮುಗಿಯುತ್ತದೆ: ಓಲಾಟ ಡಯಲ್ ಗೇಜಿನಲ್ಲಿ 0.04 ಮಿ.ಮೀ., ದಪ್ಪ ಅದರ ಮೇಲೇ ಕೆತ್ತಿರುವ ಕನಿಷ್ಠಕ್ಕಿಂತ 1.4 ಮಿ.ಮೀ. ಹೆಚ್ಚು. ಲೇತಿಗೆ ಕೊಡುವ ಅಗತ್ಯವೇ ಇರಲಿಲ್ಲ. ಜೋಡಿಸಿದ ಮೇಲೆ ಪ್ಯಾಡ್ ಹದಗೊಳ್ಳಲು ಖಾಲಿ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ.ಯಿಂದ 10ಕ್ಕೆ ಹತ್ತು ಸಲ ಬ್ರೇಕ್, ನಡುವೆ ಅರ್ಧ ನಿಮಿಷ ಓಡಿಸಿ ಆರಲು ಬಿಟ್ಟು. ಬಿಸಿ ಇರುವಾಗ ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿ ಹಿಡಿಯಬಾರದು, ಪ್ಯಾಡಿನ ಅಚ್ಚು ಡಿಸ್ಕಿನ ಮೇಲೆ ಉಳಿಯುತ್ತದೆ.

640 ಕಿ.ಮೀ. ಆಗಿದೆ, ಶಿರಾಡಿ ಘಾಟಿ ಎರಡು ಸಲ ಇಳಿದಾಗಿದೆ. ಇಳಿದ ಕೂಡಲೇ ಥರ್ಮಾಮೀಟರ್ ಗನ್ ಹಿಡಿದರೆ ಎಡ ಡಿಸ್ಕ್ 148 ಡಿಗ್ರಿ, ಬಲ 144. ಮೊದಲು ಎಡಚಕ್ರ 50 ಡಿಗ್ರಿ ಹೆಚ್ಚು ತೋರಿಸುತ್ತಿತ್ತು.

ಆದರೆ ಮುಂದಿನ ಎರಡೂ ಚಕ್ರ ಹಿಂದಿನ ಡ್ರಮ್ಮಿಗಿಂತ ತೀರಾ ಬಿಸಿ, ಹಾಗಾಗಿ ಇನ್ನು ನೋಡಬೇಕಾದದ್ದು ಹಿಂದಿನ ಆಕ್ಸಲಿನ ಲೋಡ್ ಸೆನ್ಸಿಂಗ್ ವಾಲ್ವ್, ಅಂದರೆ ಹೊರೆ ನೋಡಿ ಹಿಂಚಕ್ರಗಳ ಬ್ರೇಕಿನ ಒತ್ತಡ ಹೊಂದಿಸುವ ವಾಲ್ವ್. ಭಾರಕ್ಕೆಂದು ಸ್ಪ್ರಿಂಗಿಗೆ ಒಂದು ಪಟ್ಟಿ ಹೆಚ್ಚು ಹಾಕಿಸಿದ ಗಾಡಿ ಇದು. ಲೋಡ್ ಇದ್ದರೂ ಹಿಂಭಾಗ ತಗ್ಗುವುದಿಲ್ಲ, ವಾಲ್ವ್ ಗಾಡಿ ಖಾಲಿ ಎಂದುಕೊಂಡು ಹಿಂಚಕ್ರಗಳ ಒತ್ತಡ ಕಡಿಮೆ ಮಾಡುತ್ತದೆ, ದುಡಿತವೆಲ್ಲ ಮುಂದಿನ ಪ್ಯಾಡಿನ ತಲೆಗೆ. ವಾಲ್ವನ್ನು ಆಕ್ಸಲಿಗೆ ಸೇರಿಸುವ ಸರಳಿನ ಉದ್ದ ಹೊಂದಿಸುವ ಮೊದಲು ಎರಡು ಪ್ರೆಶರ್ ಗೇಜ್ ಬೇಕು, ಒಂದು ಮುಂದಿನ ಬ್ಲೀಡರಿಗೆ (ಬ್ರೇಕ್ ಆಯಿಲಿನ ಗಾಳಿ ಬಿಡುವ ತಿರುಪು), ಒಂದು ಹಿಂದಿನದಕ್ಕೆ. ಗೇಜ್ ಜೋಡಿಸಲು ಬೇಕಾದ ಬಾಂಜೋ ಫಿಟಿಂಗ್ ಆರ್ಡರ್ ಹೋಗಿದೆ, ಸರಳಿನ ಈಗಿನ ಉದ್ದವನ್ನು ಬಿಳಿ ಪೇಂಟಿನಲ್ಲಿ ಗುರುತು ಮಾಡಿಟ್ಟಾಗಿದೆ.